ಪಿ ವ್ಯಾಲ್ಯೂ 0.005 ಬಂದಿದೆ, ಥೀಸಿಸ್‌ನಲ್ಲಿ ಏನು ಬರೆಯಲಿ?

ಪ್ರಶ್ನೆ (ಎಂ.ಎಸ್ಸಿ. ನರ್ಸಿಂಗ್, ವಿಜಯಪುರ): ಮೇಡಂ, ನಮಸ್ಕಾರ. ಸಿಂದಗಿ ಕಡೆಯ ಹಳ್ಳಿಗಳಲ್ಲಿ 400 ಜನರ ಸೊಂಟದ ಸುತ್ತಳತೆ, ಬಿಪಿ ತೆಗೆದುಕೊಂಡಿದ್ದೇನೆ. ಸೊಂಟಕ್ಕೂ ಮೇಲಿನ ಬಿಪಿಗೂ ಕೋರಿಲೇಶನ್ (ಎರಡೂ ಎಷ್ಟು ಜೊತೆಯಾಗಿ ಏರುತ್ತವೆ ಅನ್ನುವ ಅಳತೆ; 0 ಅಂದರೆ ಇಲ್ಲ, 1 ಅಂದರೆ ಪೂರ್ತಿ) 0.14, ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇನ್ನೂ ಜಾಸ್ತಿ ಕಾಣುವ ಸಾಧ್ಯತೆ) 0.005. ಗೈಡ್‌ಗೆ ಖುಷಿಯಾಯಿತು. ಆದರೆ ರಿಗ್ರೆಶನ್‌ಗೆ ವಯಸ್ಸು ಸೇರಿಸಿದ ಕೂಡಲೇ ಸೊಂಟದ ಕೋಎಫಿಶಿಯಂಟ್ (ಸೊಂಟ 1 ಸೆಂ.ಮೀ. ಜಾಸ್ತಿ ಇದ್ದರೆ ಬಿಪಿ ಸರಾಸರಿ ಎಷ್ಟು ಜಾಸ್ತಿ ಅನ್ನುವ ಅಂಕಿ) 0.21 ಇದ್ದದ್ದು 0.06ಕ್ಕೆ ಇಳಿಯಿತು. 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಮೈನಸ್ 0.09ರಿಂದ 0.21. ಈಗ ಸಂಬಂಧ ಇದೆ ಅನ್ನಲಾ, ಇಲ್ಲ ಅನ್ನಲಾ? ವೈವಾ ಹತ್ತಿರ ಬಂತು.

ಉತ್ತರ (ಬಯೋಸ್ಟ್ಯಾಟಿಸ್ಟಿಕ್ಸ್, ಬೆಳಗಾವಿ): ಎರಡೂ ಅನ್ನಬೇಡಿ. 0.14ರ ವರ್ಗ ಸುಮಾರು 0.02. ಅಂದರೆ ಜನರ ಬಿಪಿಯ ಏರುಪೇರಿನಲ್ಲಿ ಸೊಂಟದ ಜೊತೆ ಹೋಗುವುದು ಬರೀ 2%. ಪಿ ಅಷ್ಟು ಸಣ್ಣದಾಗಿದ್ದು 400 ಜನ ಇದ್ದುದಕ್ಕೆ. 40 ಜನರಲ್ಲಿ ಇದೇ 0.14 ಬಂದಿದ್ದರೆ ಪಿ 0.4ರ ಹತ್ತಿರ ಇರುತ್ತಿತ್ತು, ಗೈಡ್ ತಿರುಗಿಯೂ ನೋಡುತ್ತಿರಲಿಲ್ಲ.

ವಯಸ್ಸಾದಂತೆ ಸೊಂಟವೂ ದಪ್ಪ ಆಗುತ್ತದೆ, ಮೇಲಿನ ಬಿಪಿಯೂ ಏರುತ್ತದೆ, ಅಲ್ವಾ? 0.21ರಲ್ಲಿ ವಯಸ್ಸಿನ ಪಾಲೂ ಸೇರಿತ್ತು. ಒಂದೇ ವಯಸ್ಸಿನವರಲ್ಲಿ ಸೊಂಟ 10 ಸೆಂ.ಮೀ. ಜಾಸ್ತಿ ಇದ್ದವರ ಬಿಪಿ ಸರಾಸರಿ 0.6 ಪಾಯಿಂಟ್ ಜಾಸ್ತಿ. ಇಂಟರ್ವಲ್ ನೋಡಿದರೆ 0.9 ಕಡಿಮೆಯೂ ಇರಬಹುದು, 2.1 ಜಾಸ್ತಿಯೂ ಇರಬಹುದು. ‘ವಯಸ್ಸನ್ನು ಲೆಕ್ಕಕ್ಕೆ ಹಿಡಿದ ಮೇಲೆ ಸ್ಪಷ್ಟ ಸಂಬಂಧ ಕಾಣಲಿಲ್ಲ’ ಅಂತ ಬರೆಯಿರಿ. ‘ಸಂಬಂಧವೇ ಇಲ್ಲ’ ಅನ್ನುವಷ್ಟು ಧೈರ್ಯ ಬೇಡ.

ಸ್ಕ್ಯಾಟರ್ ಪ್ಲಾಟ್ (ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಇಡುವ ಗ್ರಾಫ್) ಹಾಕಿದ್ರಾ? ಬಿಪಿ ಗುಳಿಗೆ ನುಂಗುವವರು ಎಷ್ಟು ಜನ?

ಪ್ರಶ್ನೆ ಕೇಳಿದವರು: ಈಗ ಹಾಕಿದೆ ಮೇಡಂ. ಚುಕ್ಕೆಗಳೆಲ್ಲ 110, 120, 130ರಲ್ಲಿ ಸಾಲಾಗಿ ನಿಂತಿವೆ! ಗುಳಿಗೆ ವಿಷಯ ಫಾರ್ಮ್‌ನಲ್ಲಿ ಕೇಳಿದ್ದೆ, ಆದರೆ ಲೆಕ್ಕಕ್ಕೆ ತಂದಿಲ್ಲ.

ಉತ್ತರ: ಸಾಲು ನಿಂತಿವೆ ಅಂದ್ರೆ ಅಳೆದವರು ಕೊನೆಯ ಅಂಕಿಯನ್ನು ಸೊನ್ನೆಗೆ ತಂದು ಬರೆದಿದ್ದಾರೆ. ಕೈಯಿಂದ ಗಾಳಿ ಹಾಕುವ ಮಷೀನ್ ಇದ್ದಲ್ಲಿ ಇದು ಮಾಮೂಲಿ. ಮಿತಿಗಳ ಭಾಗದಲ್ಲಿ ಒಂದು ಸಾಲು ಬರೆಯಿರಿ, ಸಾಕು. ಗುಳಿಗೆ ಮಾತ್ರ ದೊಡ್ಡ ತಲೆನೋವು. ದಪ್ಪ ಇದ್ದವರಲ್ಲೇ ಗುಳಿಗೆಯವರು ಜಾಸ್ತಿ ಇದ್ದರೆ, ಅವರ ಬಿಪಿ ಔಷಧದಿಂದ ಇಳಿದಿರುತ್ತದೆ. ಸಂಬಂಧ ಇದ್ದರೂ ಮರೆಯಾಗುತ್ತದೆ. ಅವರನ್ನು ಬಿಟ್ಟು ಇನ್ನೊಮ್ಮೆ ರನ್ ಮಾಡಿ. ಎರಡೂ ಟೇಬಲ್ ಕೊಡಿ, ಚೆನ್ನಾಗಿ ಬಂದದ್ದು ಮಾತ್ರ ಅಲ್ಲ.

ಇನ್ನೊಬ್ಬರು (ಬಾಗಲಕೋಟೆ): ಸೊಂಟ ಇಳಿಸಿದರೆ ಬಿಪಿ ಇಳಿಯುತ್ತೆ ಅಂತ ಬರೆಯಬಹುದಾ ಮೇಡಂ?

ಉತ್ತರ: ಈ ಡಾಟಾ ಇಟ್ಟುಕೊಂಡು ಆಗಲ್ಲ. ಎರಡನ್ನೂ ಒಂದೇ ಸಲ ಅಳೆದಿದ್ದಾರೆ, ಯಾರ ಸೊಂಟವನ್ನೂ ಇಳಿಸಿ ನೋಡಿಲ್ಲ. ತೂಕ ಇಳಿದರೆ ಬಿಪಿ ಇಳಿಯುತ್ತದೆ ಅನ್ನೋದು ಟ್ರಯಲ್‌ಗಳಿಂದ ಗೊತ್ತಾಗಿರುವ ವಿಷಯ. ಡಿಸ್ಕಷನ್‌ನಲ್ಲಿ ಆ ಟ್ರಯಲ್‌ಗಳನ್ನೇ ತೋರಿಸಿ ಹೇಳಿ.