ಕುಶಾಲನಗರದಿಂದ ಮಡಿಕೇರಿಗೆ 'ಬಟ್ಟೆ ನಿಮ್ಮಿಷ್ಟ' ಸೈಕಲ್ ಜಾಥಾ: ಯಾರ್ಯಾರು ಬರ್ತೀರಿ?

ಪೆಡಲ್ ಪೊನ್ನಂಪೇಟೆ:
ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಪ್ರತಿ ವರ್ಷ ನಾವು ಮಾಡೋದು ಇಷ್ಟೇ. ಒಂದು ಸಸಿ ನೆಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ, ಕಾರು ಹತ್ತಿ ಮನೆಗೆ ಹೋಗುತ್ತೇವೆ. ಈ ಸಲ ಜನ ತಿರುಗಿ ನೋಡುವಂಥದ್ದು ಮಾಡೋಣ. ಕೆನಡಾದ ವ್ಯಾಂಕೂವರ್‌ನ ಕಾನ್ರಾಡ್ ಶ್ಮಿಟ್ ಅನ್ನುವವರು 2004ರಲ್ಲಿ 'ವರ್ಲ್ಡ್ ನೇಕೆಡ್ ಬೈಕ್ ರೈಡ್' ಶುರು ಮಾಡಿದರು. ಮೊದಲ ವರ್ಷವೇ 10 ದೇಶಗಳ 28 ಊರುಗಳಲ್ಲಿ ನಡೆಯಿತು. ಪೆಟ್ರೋಲ್ ಬಿಟ್ಟರೆ ಗತಿ ಇಲ್ಲ ಅನ್ನುವ ಬದುಕಿನ ವಿರುದ್ಧ ಅದು ಪ್ರತಿಭಟನೆ. ರಸ್ತೆಯಲ್ಲಿ ಸೈಕಲ್ ತುಳಿಯುವವನ ಮೈಗೆ ಯಾವ ರಕ್ಷಣೆಯೂ ಇಲ್ಲ ಅನ್ನೋದನ್ನ ಮೈ ತೋರಿಸಿಯೇ ಹೇಳುತ್ತಾರೆ. ಬಲವಂತ ಇಲ್ಲ. ಎಷ್ಟು ಧೈರ್ಯ ಇದೆಯೋ ಅಷ್ಟು ಬಿಚ್ಚಿ ಅನ್ನೋದೇ ನಿಯಮ.

ನಮ್ಮ ಯೋಜನೆ: ಬೆಳಿಗ್ಗೆ 6ಕ್ಕೆ ಕುಶಾಲನಗರ ಬಿಟ್ಟು ಗುಡ್ಡೆಹೊಸೂರು, ಆನೆಕಾಡು, ಏಳನೇ ಹೊಸಕೋಟೆ, ಸುಂಟಿಕೊಪ್ಪ, ಬೋಯಿಕೇರಿ, ಆಮೇಲೆ ಮಡಿಕೇರಿ. ಸುಮಾರು 30 ಕಿ.ಮೀ., ಜಾಸ್ತಿ ಏರು. ಚಡ್ಡಿ ಎಲ್ಲರಿಗೂ ಕಡ್ಡಾಯ, ಮೇಲಿನ ಬಟ್ಟೆ ನಿಮ್ಮಿಷ್ಟ. ಮೈಗೆ ಬಣ್ಣ ಬಳಿದುಕೊಂಡು ಬನ್ನಿ, ರೇನ್‌ಕೋಟ್ ಹಾಕಿಕೊಂಡು ಬನ್ನಿ, ಸೀರೆ ಉಟ್ಟು ಬಂದರೂ ಸಂತೋಷ. ನಾನು ಬೆನ್ನ ಮೇಲೆ 'ಈಗ ಕಾಣಿಸ್ತಿದ್ದೀನಾ?' ಅಂತ ಬರೆಸಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಪ್ರವಾಸಿ ಕಾರು ನನ್ನನ್ನು ಬೋಯಿಕೇರಿ ಹತ್ತಿರ ಚರಂಡಿಗೆ ಹಾಕಿತು. ಡ್ರೈವರ್ ಗ್ಲಾಸ್ ಇಳಿಸಿ ಹೇಳಿದ್ದು ಒಂದೇ ಮಾತು: 'ಕಾಣಿಸಲಿಲ್ಲ.'

ತೋಟದಮನೆ:
'ಎಷ್ಟು ಧೈರ್ಯ ಇದೆಯೋ ಅಷ್ಟು ಬಿಚ್ಚಿ' ಅಂತೆ. ತಮ್ಮಾ, ಕೊಡಗಿಗೆ ಧೈರ್ಯದ ಪಾಠ ವ್ಯಾಂಕೂವರ್‌ನಿಂದ ಬರಬೇಕಾ? ಕುಪ್ಯ ತೊಟ್ಟು, ಚೇಲೆ ಕಟ್ಟಿ, ಪೀಚೆಕತ್ತಿ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿಯುವ ನಾಡು ಇದು. ಉಡುಪೇ ನಮ್ಮ ಮರ್ಯಾದೆ. ಬೀದಿಯಲ್ಲಿ ಅರೆಬರೆ ಬಟ್ಟೆ ಹಾಕಿಕೊಂಡು ಮೆರವಣಿಗೆ ಮಾಡೋದು ಈ ಮಣ್ಣಲ್ಲಿ ಯಾವತ್ತೂ ಇರಲಿಲ್ಲ.

ವಿರಾಜಪೇಟೆ ವಕೀಲ:
ಭಾರತೀಯ ನ್ಯಾಯ ಸಂಹಿತೆ, ಕಲಂ 296. 2024ರ ಜುಲೈ 1ರಿಂದ ಜಾರಿಯಲ್ಲಿದೆ, ಅದಕ್ಕೂ ಮೊದಲು ಐಪಿಸಿ 294 ಇತ್ತು. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವಂತೆ ಅಶ್ಲೀಲವಾಗಿ ನಡೆದುಕೊಂಡರೆ 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರುವವರು ಇದನ್ನು ಓದಿಕೊಂಡು ಬರಲಿ.

ಬೆಂಗಳೂರಲ್ಲಿರೋ ಕೊಡಗು:
'ಯಾವತ್ತೂ ಇರಲಿಲ್ಲ' ಅಂದ್ರಾ ಅಂಕಲ್? ದೇವರಪುರದಲ್ಲಿ ಬುಡಕಟ್ಟು ಜನ ಮಾಡುವ ಕುಂಡೆ ಹಬ್ಬ ಯಾವ ದೇಶದ್ದು? ಮೇ ತಿಂಗಳಲ್ಲಿ ಗೋಣಿಕೊಪ್ಪಕ್ಕೆ ಒಮ್ಮೆ ಹೋಗಿ ನಿಲ್ಲಿ. ಗಂಡಸರು ಸೀರೆ, ರವಿಕೆ, ನೈಟಿ ಹಾಕಿ, ಮುಖಕ್ಕೆ ಮಸಿ ಬಳಿದು, ಸೋರೆಬುರುಡೆ, ಪ್ಲಾಸ್ಟಿಕ್ ಡ್ರಮ್ ಬಡಿಯುತ್ತಾ ಬೈಗುಳ ಸುರಿಸುತ್ತಾರೆ. ಕಾರು ನಿಲ್ಲಿಸಿ ದುಡ್ಡು ಕೇಳುತ್ತಾರೆ. ನೀವೂ ಕೊಡುತ್ತೀರಿ. ಆಗ ಮಣ್ಣಿನ ಮರ್ಯಾದೆ ಹೋಗಲ್ವಾ?

ತೋಟದಮನೆ:
ಅದು ಹರಕೆ! ದೇವರ ಕೆಲಸ! ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಲ್ಲೇ ಬಿಟ್ಟ ಅನ್ನುವ ಸಿಟ್ಟಿಗೆ ಬೈಯುತ್ತಾರೆ. ಕೊನೆಗೆ ದೇವಸ್ಥಾನಕ್ಕೆ ಹೋಗಿ ತಪ್ಪಾಯಿತು ಅಂತ ಕೈಮುಗಿಯುತ್ತಾರೆ. ನಿಮ್ಮ ಸೈಕಲ್‌ನವರು ಯಾವ ದೇವರಿಗೆ ಕೈಮುಗಿಯುತ್ತಾರೆ?

ಸುಂಟಿಕೊಪ್ಪ ಟೀಚರ್:
ಹಬ್ಬದ ವಿಷಯ ಆಮೇಲೆ ನೋಡೋಣ. ನನಗೆ ಎರಡು ಪ್ರಶ್ನೆ ಇದೆ. ಬೆಳಿಗ್ಗೆ 6ಕ್ಕೆ ಆನೆಕಾಡು ದಾಟುತ್ತೀರಾ? ಆ ಹೊತ್ತಿಗೆ ಆನೆ ರಸ್ತೆ ದಾಟುತ್ತಿರುತ್ತದೆ. ಇನ್ನೊಂದು, ಹೆಣ್ಣುಮಕ್ಕಳು ಬಂದರೆ ರಸ್ತೆ ಬದಿ ಮೊಬೈಲ್ ಹಿಡಿದು ನಿಲ್ಲುವ ಗಂಡಸರನ್ನು ಯಾರು ನೋಡಿಕೊಳ್ಳುತ್ತೀರಿ? ಲಂಡನ್‌ನಲ್ಲಿ ಫೋಟೊ ಬಂದರೆ ಯಾರೂ ಕೇಳಲಿಕ್ಕಿಲ್ಲ. ಇಲ್ಲಿ ಒಂದು ಹುಡುಗಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹೋದರೆ ಅವಳ ಓದು, ಕೆಲಸ, ಮದುವೆ ಎಲ್ಲಕ್ಕೂ ಅಡ್ಡ ಬರುತ್ತದೆ. ಬಟ್ಟೆ ನಿಮ್ಮಿಷ್ಟ ಅಂತ ಬರೆದ ಮಾತ್ರಕ್ಕೆ ಅದು ಹೆಣ್ಣಿಗೂ ಇಷ್ಟ ಆಗಿಬಿಡಲ್ಲ.

ಪೆಡಲ್ ಪೊನ್ನಂಪೇಟೆ:
'ಲಂಡನ್‌ನಲ್ಲಿ ಯಾರೂ ಕೇಳಲಿಕ್ಕಿಲ್ಲ' ಅಂದಿರಿ ಟೀಚರ್. ಅಲ್ಲೂ ಕೇಳುತ್ತಾರೆ, ಬೈಯುವವರೂ ಇದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಮೈ ಕಾಣಿಸುವುದೇ ಅಪರಾಧ ಅಲ್ಲ. ಅಲ್ಲಿನ 2003ರ ಕಾನೂನಿನಲ್ಲಿ ಎದುರಿದ್ದವರನ್ನು ಗಾಬರಿ ಮಾಡುವ, ನೋಯಿಸುವ ಉದ್ದೇಶ ಇದ್ದರೆ ಮಾತ್ರ ಕೇಸು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2008ರಲ್ಲಿ ಒಬ್ಬ ಸವಾರನ ಮೇಲೆ ಕೇಸು ಹಾಕಿದರು. ಇದು ಆ ಊರಿನಲ್ಲಿ ಬೇರೂರಿದ ಪ್ರತಿಭಟನೆಯ ರೀತಿ ಅಂತ ಹೇಳಿ ನ್ಯಾಯಾಧೀಶರು ಬಿಟ್ಟರು.

ವಿರಾಜಪೇಟೆ ವಕೀಲ:
ವಿರಾಜಪೇಟೆ ಕೋರ್ಟಿನಲ್ಲಿ ಪೋರ್ಟ್‌ಲ್ಯಾಂಡ್ ತೀರ್ಪು ಓದೋಕಾಗಲ್ಲ.

ಬೆಂಗಳೂರಲ್ಲಿರೋ ಕೊಡಗು:
ಹಾಗಾದರೆ ಪಕ್ಕದ ಕೇರಳದ್ದು ಓದಿ. 2023ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಏನು ಹೇಳಿತು? ತಾಯಿಯೊಬ್ಬಳ ಬರಿ ಮೈ ಮೇಲೆ ಅವಳ ಮಕ್ಕಳೇ ಚಿತ್ರ ಬಿಡಿಸಿದ ಕೇಸು ಅದು. ಮೈ ಬರಿದಾಗಿದ್ದ ಮಾತ್ರಕ್ಕೆ ಅಶ್ಲೀಲ ಆಗಲ್ಲ ಅಂತ ಕೇಸನ್ನೇ ಕೈಬಿಟ್ಟಿತು. ನಮ್ಮದೂ ಮೈಗೆ ಬಣ್ಣವೇ.

ವಿರಾಜಪೇಟೆ ವಕೀಲ:
ಅದು ಮನೆಯೊಳಗೆ ತೆಗೆದ ವಿಡಿಯೊ. ಹೆದ್ದಾರಿ ಅಲ್ಲ. ಕೇರಳ ಹೈಕೋರ್ಟಿನ ತೀರ್ಪು ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದೂ ಇಲ್ಲ. ಅರ್ಧ ಓದಿಕೊಂಡು ಹುಡುಗರನ್ನು ಠಾಣೆಗೆ ಕಳಿಸಬೇಡಿ.

ತೋಟದಮನೆ:
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಕುಂಡೆ ಹಬ್ಬದಲ್ಲಿ ಭಕ್ತಿ ಇದೆ. ನಿಮ್ಮ ಜಾಥಾದಲ್ಲಿ ಏನಿದೆ?

ಬೆಂಗಳೂರಲ್ಲಿರೋ ಕೊಡಗು:
ದೇವರ ಹೆಸರು ಹೇಳಿದರೆ ಎಲ್ಲ ಸರಿಹೋಗುತ್ತಾ? ಚಂದ್ರಗುತ್ತಿಯ ರೇಣುಕಾಂಬೆ ಗುಡಿಯಲ್ಲೂ ಹರಕೆ ಅಂತಲೇ ಹೇಳುತ್ತಿದ್ದರು. ಬೆತ್ತಲೆ ಸೇವೆ ನಿಲ್ಲಿಸಿ ಅಂತ 1986ರಲ್ಲಿ ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಅಲ್ಲಿ ಹೊಡೆದು ಬಟ್ಟೆ ಬಿಚ್ಚಿಸಿದರು. ಆಮೇಲೆ ಸರ್ಕಾರ ಆ ಸೇವೆಯನ್ನೇ ನಿಷೇಧ ಮಾಡಿತು. ನೀವು ಹೇಳೋ ಭಕ್ತಿ ಒಳ್ಳೇದಕ್ಕೂ ಸಾಕ್ಷಿ ಅಲ್ಲ, ಕೆಟ್ಟದ್ದಕ್ಕೂ ಅಲ್ಲ.

ಸುಂಟಿಕೊಪ್ಪ ಟೀಚರ್:
ಚಂದ್ರಗುತ್ತಿಯ ಹೆಸರು ತೆಗೆದಿರಲ್ಲ, ಅದು ನನ್ನ ಮಾತಿಗೇ ಸಾಕ್ಷಿ. ಅಲ್ಲಿಗೆ ಹೋದ ಹೆಣ್ಣುಮಕ್ಕಳಿಗೆ ಬೇಡ ಅನ್ನುವ ದಾರಿ ಇತ್ತಾ? ಮನೆಯವರ ಹರಕೆ, ಅವರ ಮೈ. ಬೇಡ ಅನ್ನೋಕೆ ಆಗದ ಕಡೆ 'ಇಷ್ಟ' ಅನ್ನುವ ಮಾತೇ ಇಲ್ಲ.

ಹಾಡಿ ಹುಡುಗ:
ನಾನು ತಿತಿಮತಿ ಕಡೆಯವನು. ನಮ್ಮ ಅಪ್ಪ ಕುಂಡೆ ಹಬ್ಬಕ್ಕೆ ವೇಷ ಹಾಕುತ್ತಾರೆ, ನಾನೂ ಹಾಕುತ್ತೇನೆ. ಆಗಿನಿಂದ ಓದುತ್ತಾ ಇದ್ದೇನೆ. ಒಬ್ಬರು ನಮ್ಮ ಹಬ್ಬ ಭಕ್ತಿ ಅಂತೀರಿ, ಇನ್ನೊಬ್ಬರು ಬೀದಿಯಲ್ಲಿ ಬೈಗುಳ ಅಂತೀರಿ. ನಮ್ಮನ್ನು ಯಾರೂ ಕೇಳಲಿಲ್ಲ. ವರ್ಷ ಪೂರ್ತಿ ತೋಟದಲ್ಲಿ ತಲೆ ತಗ್ಗಿಸಿ ಕೆಲಸ ಮಾಡುವವನು ಆ ಒಂದು ದಿನ ತಲೆ ಎತ್ತಿ ದೇವರಿಗೂ ಬೈಯುತ್ತಾನೆ, ಸಾಹುಕಾರನಿಗೂ ಬೈಯುತ್ತಾನೆ. ಆ ಸೀರೆ, ಆ ಮಸಿ ಅದಕ್ಕೇ. ನಿಮ್ಮ ವಾದ ಗೆಲ್ಲಲಿ ಅಂತ ಅಲ್ಲ.

ತೋಟದಮನೆ:
'ಸಾಹುಕಾರನಿಗೂ ಬೈಯುತ್ತಾನೆ' ಅನ್ನೋದು ಸರಿ ಅಲ್ಲ ಮಗಾ. ನಮ್ಮ ತೋಟದಲ್ಲಿ ಆ ದಿನ ರಜೆ ಕೊಡುತ್ತೇವೆ, ದುಡ್ಡೂ ಕೊಡುತ್ತೇವೆ. ನಮ್ಮ ಅಜ್ಜನ ಕಾಲದಿಂದ ಕೊಟ್ಟುಕೊಂಡು ಬಂದಿದ್ದೇವೆ. ನೀನು ಹೇಳಿದ ಹಾಗೆ ಅದು ಸಾಹುಕಾರರ ಮೇಲಿನ ಸಿಟ್ಟು ಅಲ್ಲವೇ ಅಲ್ಲ.

ಹಾಡಿ ಹುಡುಗ:
ರಜೆ ಕೊಟ್ಟವರು ನೀವು, ಸಿಟ್ಟು ಯಾರದ್ದು ಅಂತ ಹೇಳೋದೂ ನೀವೇನಾ? 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನಮ್ಮವರ ಗುಡಿಸಲುಗಳನ್ನು ಕೆಡವಿದರು. ಮಕ್ಕಳು, ಮುದುಕರು ಚಳಿಯಲ್ಲಿ ಮರದ ಕೆಳಗೆ ಮಲಗಿದರು. ಆಗ ಸಂಸ್ಕೃತಿ, ಮಣ್ಣಿನ ಮರ್ಯಾದೆ ಅಂತ ಮಾತಾಡಿದವರು ಎಷ್ಟು ಜನ ಬಂದು ನಿಂತಿರಿ?

ಬೆಂಗಳೂರಲ್ಲಿರೋ ಕೊಡಗು:
ನೋಡಿ, ಹಬ್ಬವೂ ಪ್ರತಿಭಟನೆಯೇ ಅಂತ ಅವರೇ ಹೇಳಿದರು. ನಾನು ಹೇಳಿದ್ದೂ ಅದನ್ನೇ.

ಹಾಡಿ ಹುಡುಗ:
ನಾನು ಹಾಗೆ ಹೇಳಿಲ್ಲ. ನಿಮಗೆ ಬೇಕಾದಷ್ಟು ಕತ್ತರಿಸಿಕೊಂಡಿರಿ. ವೇಷ ಹಾಕಿದ ನಮ್ಮವರ ಫೋಟೊ ತೆಗೆದು ನಗುವ ಮಾತು ಬರೆದು ಹಾಕುವವರೂ ಬೆಂಗಳೂರಿನವರೇ.

ಬೆಂಗಳೂರಲ್ಲಿರೋ ಕೊಡಗು:
ನಾನು ಹುಟ್ಟಿದ್ದು ಸಿದ್ದಾಪುರದಲ್ಲಿ. ನನ್ನನ್ನು ಬೆಂಗಳೂರಿನವನು ಅನ್ನಬೇಡಿ. ಅಂಥ ಫೋಟೊ ನಾನು ಒಂದೂ ಹಾಕಿಲ್ಲ. ಹಾಕಿದ್ದರೆ ತೋರಿಸಿ.

ಮಕ್ಕಂದೂರು ಮಳೆ:
ಎಲ್ಲರೂ ಒಂದು ನಿಮಿಷ ನಿಲ್ಲಿಸಿ. ಈ ಚರ್ಚೆ ಪರಿಸರದ ಬಗ್ಗೆ ಶುರುವಾಗಿದ್ದು. 2018ರ ಆಗಸ್ಟ್‌ನಲ್ಲಿ ನಮ್ಮೂರ ಬೆಟ್ಟ ಕೆಸರಾಗಿ ಇಳಿಯಿತು. ಜೋಡುಪಾಲ, ಕಾಲೂರು, ಹಟ್ಟಿಹೊಳೆ, ಮಕ್ಕಂದೂರು. ನಮ್ಮ ಕಾಫಿ ತೋಟದ ಮೇಲಿನ ಅರ್ಧ ಕೆಳಗಿನ ಗದ್ದೆಗೆ ಬಂದು ಕೂತಿತ್ತು, ಗಿಡ ನಿಂತ ಹಾಗೇ ಇತ್ತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಭೂವಿಜ್ಞಾನಿಗಳು ಬಂದು ನೋಡಿ ಹೇಳಿದ್ದು, ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದೂ ಕಾರಣ ಅಂತ. ಸೈಕಲ್ ತುಳಿಯಿರಿ, ಬೇಡ ಅನ್ನಲ್ಲ. ಆದರೆ ಮೈ ಮೇಲೆ ಬರೆಯೋದಾದರೆ 'ಬೆಟ್ಟ ಕಡಿಯಬೇಡಿ' ಅಂತ ಬರೆಯಿರಿ. ಪೆಟ್ರೋಲ್ ಕಥೆ ವ್ಯಾಂಕೂವರ್‌ಗೆ ಇರಲಿ.

ಪೆಡಲ್ ಪೊನ್ನಂಪೇಟೆ:
ಪೆಟ್ರೋಲ್ ಬೇರೆ, ಬೆಟ್ಟ ಬೇರೆ ಅಲ್ಲ ಅಣ್ಣ. ಬೆಟ್ಟ ಯಾಕೆ ಕಡಿಯುತ್ತಾರೆ? ಕಾರು ಬರಲಿಕ್ಕೆ, ಕಾರು ನಿಲ್ಲಲಿಕ್ಕೆ, ಕಾರಲ್ಲಿ ಬಂದವರು ಮಲಗಲಿಕ್ಕೆ. ಶನಿವಾರ ರಾಜಾಸೀಟಿನ ರಸ್ತೆ ನೋಡಿ, ಮಾಂದಲಪಟ್ಟಿ ಜೀಪುಗಳ ಸಾಲು ನೋಡಿ.

ತೋಟದಮನೆ:
'ಕಾರಲ್ಲಿ ಬಂದವರು' ಅಂತ ಬೈಯುತ್ತೀರಿ. ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಎಷ್ಟು ಮನೆಗಳು ಹೋಂಸ್ಟೇಯಿಂದ ಉಳಿದವು ಗೊತ್ತಾ? ಬರುವ ಪ್ರವಾಸಿ ಕುಟುಂಬ, ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನಿಮ್ಮ ಜಾಥಾ ನೋಡಿ ವಾಪಸ್ ಹೋದರೆ ನಷ್ಟ ಯಾರಿಗೆ?

ಮಕ್ಕಂದೂರು ಮಳೆ:
ಬೆಟ್ಟ ಕುಸಿದ ವರ್ಷವೂ ಪ್ರವಾಸಿಗಳು ಬರಲಿಲ್ಲ ಸರ್. ಆ ನಷ್ಟದ ಲೆಕ್ಕವನ್ನೂ ಹಾಕಿ.

ಸುಂಟಿಕೊಪ್ಪ ಟೀಚರ್:
ನನ್ನ ಎರಡು ಪ್ರಶ್ನೆ ಹಾಗೇ ಇದೆ. ಆನೆ, ಮೊಬೈಲ್.

ಬೆಂಗಳೂರಲ್ಲಿರೋ ಕೊಡಗು:
ಟೀಚರ್, ಭಯ ಪಟ್ಟುಕೊಂಡು ಕೂತರೆ ಯಾವ ಹೋರಾಟವೂ ಆಗಲ್ಲ. 2004ರಲ್ಲಿ ಮಣಿಪುರದ ಇಂಫಾಲದಲ್ಲಿ ಕಾಂಗ್ಲಾ ಕೋಟೆ ಮುಂದೆ 12 ಮಂದಿ ಅಮ್ಮಂದಿರು ಬಟ್ಟೆ ಕಳಚಿ ನಿಂತರು. 2017ರಲ್ಲಿ ತಮಿಳುನಾಡಿನ ರೈತರು ದೆಹಲಿಯಲ್ಲಿ ಬೆತ್ತಲೆಯಾಗಿ ಓಡಿದರು. ದೇಶ ತಿರುಗಿ ನೋಡಿತು.

ಸುಂಟಿಕೊಪ್ಪ ಟೀಚರ್:
ಇಂಫಾಲದ ಅಮ್ಮಂದಿರ ಹೆಸರನ್ನು ಇಲ್ಲಿಗೆ ತರಬೇಡಿ, ಕೈಮುಗಿದು ಕೇಳುತ್ತೇನೆ. ಮನೋರಮಾ ಅನ್ನುವ ಹೆಣ್ಣುಮಗಳನ್ನು ಕೊಂದ ಸಂಕಟಕ್ಕೆ, ಬೇರೆ ಯಾವ ದಾರಿಯೂ ಉಳಿಯದೆ ಹೋದಾಗ ಅವರು ಹಾಗೆ ನಿಂತರು. ಅವರು ಅದನ್ನು ಹಬ್ಬದಂತೆ ಮಾಡಲಿಲ್ಲ. ನಾನು ಭಯ ಪಡುವವಳಲ್ಲ. ಮಳೆ ಇರಲಿ ಬಿಸಿಲಿರಲಿ, ಸ್ಕೂಟಿಯಲ್ಲಿ ದಿನಾ ಈ ರಸ್ತೆಯಲ್ಲೇ ಹೋಗುತ್ತೇನೆ. ಹೆಣ್ಣುಮಕ್ಕಳನ್ನು ಕರೆಯುವವರಿಗೆ ಅವರ ಜವಾಬ್ದಾರಿ ಇರಬೇಕು ಅಂತ ಕೇಳುತ್ತಿದ್ದೇನೆ. ಅದಕ್ಕೆ ಉತ್ತರ ಕೊಡೋದು ಬಿಟ್ಟು ನನ್ನ ಧೈರ್ಯ ಅಳೆಯಬೇಡಿ.

ಪೆಡಲ್ ಪೊನ್ನಂಪೇಟೆ:
ಟೀಚರ್, ಹೊರಡುವ ಹೊತ್ತು 7.30 ಮಾಡುತ್ತೇನೆ. ಅರಣ್ಯ ಇಲಾಖೆಗೂ ತಿಳಿಸುತ್ತೇನೆ. ಆನೆಕಾಡಿನಲ್ಲಿ ಒಬ್ಬೊಬ್ಬರೇ ಹೋಗದೆ ಗುಂಪಾಗಿ ಹೋಗೋದು, ಗಂಟೆ ಬಾರಿಸಬಾರದು. ಸವಾರರು ಯಾರೂ ಫೋಟೊ ತೆಗೆಯಬಾರದು, ಹಿಂದೆ ಮುಂದೆ ಸ್ವಯಂಸೇವಕರ ಬೈಕು ಇರುತ್ತದೆ. ಹೆಲ್ಮೆಟ್ ಇಲ್ಲದವರನ್ನು ಸೇರಿಸಿಕೊಳ್ಳಲ್ಲ. ಬಣ್ಣ ಮಳೆಗೆ ಕರಗಿ ಕಣ್ಣಿಗೆ ಇಳಿಯುತ್ತದೆ, ಹಾಗಾಗಿ ಹಣೆಗೆ ಬೇಡ. ಕೆದಕಲ್ ದಾಟಿದ ಮೇಲೆ ನಿಂತು ಸುಧಾರಿಸಿಕೊಳ್ಳುವಾಗ ಕಾಲಿಗೆ ಜಿಗಣೆ ಹತ್ತಿದೆಯಾ ನೋಡಿಕೊಳ್ಳಿ.

ಸುಂಟಿಕೊಪ್ಪ ಟೀಚರ್:
'ಸವಾರರು ಫೋಟೊ ತೆಗೆಯಬಾರದು' ಸರಿ. ನಾನು ಕೇಳಿದ್ದು ರಸ್ತೆ ಬದಿಯವರ ಬಗ್ಗೆ.

ತೋಟದಮನೆ:
ಚಡ್ಡಿ ಕಡ್ಡಾಯ, ಹೆಲ್ಮೆಟ್ ಕಡ್ಡಾಯ, ರೇನ್‌ಕೋಟ್ ಆದರೂ ಸೈ. ಹಾಗಿದ್ದರೆ ಅಂಗಿಯನ್ನೂ ಹಾಕಿಕೊಂಡು ಹೋಗಿ. ನಾನೇ ಸುಂಟಿಕೊಪ್ಪದಲ್ಲಿ ನಿಮಗೆಲ್ಲ ಕಾಫಿ, ಕಡಂಬಿಟ್ಟು ಕೊಡಿಸುತ್ತೇನೆ. ಈ ಮಾತು ಸುಮ್ನೆ ಹೇಳ್ತಿಲ್ಲ.

ಪೆಡಲ್ ಪೊನ್ನಂಪೇಟೆ:
ಅಂಗಿ ಹಾಕಿಕೊಂಡು ಹೋದಾಗ ಆ ಡ್ರೈವರ್‌ಗೆ ನಾನು ಕಾಣಿಸಲಿಲ್ಲ ಸರ್. ಕಾಫಿಗೆ ಬರುತ್ತೇನೆ, ಅಂಗಿ ಹಾಕಲ್ಲ.

ವಿರಾಜಪೇಟೆ ವಕೀಲ:
ಪೊಲೀಸ್ ಅನುಮತಿಗೆ ಅರ್ಜಿ ಕೊಡುತ್ತೀರಲ್ಲ, ಅದರಲ್ಲಿ ಬಟ್ಟೆ ವಿಷಯ ಬರೆಯುತ್ತೀರೋ ಇಲ್ಲವೋ? ಹೌದು, ಇಲ್ಲ ಅಷ್ಟೇ ಹೇಳಿ.

ಪೆಡಲ್ ಪೊನ್ನಂಪೇಟೆ:
'ಪರಿಸರ ಜಾಗೃತಿ ಸೈಕಲ್ ಜಾಥಾ, ಸವಾರರು ಮೈಗೆ ಬಣ್ಣ ಹಚ್ಚಿಕೊಂಡಿರುತ್ತಾರೆ' ಅಂತ ಬರೆಯುತ್ತೇನೆ.

ವಿರಾಜಪೇಟೆ ವಕೀಲ:
ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಮುಚ್ಚಿಟ್ಟು ಅನುಮತಿ ತೆಗೆದುಕೊಂಡರೆ ಬಿಚ್ಚಿ ತಿರುಗಿದ್ದಕ್ಕಿಂತ ದೊಡ್ಡ ತೊಂದರೆ ಆಗುತ್ತದೆ.

ಬೆಂಗಳೂರಲ್ಲಿರೋ ಕೊಡಗು:
ಕುಂಡೆ ಹಬ್ಬಕ್ಕೆ ಯಾರು ಅರ್ಜಿ ಕೊಡುತ್ತಾರೆ?

ಹಾಡಿ ಹುಡುಗ:
ಮತ್ತೆ ಅದೇ. ಇಷ್ಟು ಹೇಳಿದ ಮೇಲೂ ನಮ್ಮ ಹಬ್ಬವನ್ನೇ ಎಳೆದಿರಿ. ನಾನು ಸೈಕಲ್ ಜಾಥಾಕ್ಕೆ ಬರಬೇಕು ಅಂತಲೇ ಇದ್ದೆ. ಶಾಲೆಗೆ ಹೋಗುವಾಗ ನಾನೂ ಸೈಕಲ್ಲನ್ನೇ ತುಳಿದವನು. ಈಗ ಬರಲ್ಲ.

ಪೆಡಲ್ ಪೊನ್ನಂಪೇಟೆ:
ನಿಮ್ಮ ಹಬ್ಬದ ಮಾತು ತೆಗೆದವನು ನಾನಲ್ಲ ತಮ್ಮಾ. ಭಾನುವಾರ 10 ಗಂಟೆಗೆ ಸುಂಟಿಕೊಪ್ಪದಲ್ಲಿ ಪೂರ್ವಭಾವಿ ಸಭೆ ಇದೆ. ಬಾ, ಅಲ್ಲಿ ಮಾತಾಡೋಣ. ಮಕ್ಕಂದೂರಿನ ಅಣ್ಣನೂ ಬರಲಿ.

ಮಕ್ಕಂದೂರು ಮಳೆ:
'ಬೆಟ್ಟ ಕಡಿಯಬೇಡಿ' ಅಂತ ಮೊದಲ ಬ್ಯಾನರ್‌ನಲ್ಲಿ ಇದ್ದರೆ ಬರುತ್ತೇನೆ. ಎರಡನೆಯದರಲ್ಲಿ ಇದ್ದರೆ ಬರಲ್ಲ.

ತೋಟದಮನೆ:
ಭಾನುವಾರದ ಸಭೆಗೆ ನಾನೂ ಬರುತ್ತೇನೆ. ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ನಿಲ್ಲಿಸಲಿಕ್ಕೆ ಬರುತ್ತೇನೆ.