ಆರ್ಮಿ ಪೈಪರ್ ಬರೆದಿಟ್ಟ ಟ್ಯೂನ್ ಬುಕ್ಕನ್ನ ಮ್ಯೂಸ್‌ಸ್ಕೋರ್‌ಗೆ ಹಾಕಿದ್ರೆ ರಾಗವೇ ಬೇರೆ ಬರ್ತಿದೆ, ಸಹಾಯ ಬೇಕು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಆರ್ಮಿ ಪೈಪ್ ಬ್ಯಾಂಡಲ್ಲಿ ಬ್ಯಾಗ್‌ಪೈಪ್ ನುಡಿಸ್ತಿದ್ರು, ಅವರು ಕೈಯಲ್ಲಿ ಬರೆದ ಟ್ಯೂನ್ ಬುಕ್ ನನ್ನ ಹತ್ರ ಇದೆ. ಒಂದು ಮಾರ್ಚ್ (ಕವಾಯತಿನ ನಡಿಗೆಯ ಟ್ಯೂನ್) ನೋಡ್ಕೊಂಡು ಹಾಗ್ಹಾಗೇ ಮ್ಯೂಸ್‌ಸ್ಕೋರ್‌ನಲ್ಲಿ (ನೋಟ್ ಬರೆದು ಕೇಳೋ ಸಾಫ್ಟ್‌ವೇರ್) ಹಾಕಿ ಪ್ಲೇ ಮಾಡಿದ್ರೆ ಅವರ ಕ್ಯಾಸೆಟ್‌ನಲ್ಲಿರೋ ಗತ್ತೇ ಇಲ್ಲ, ಶೋಕದ ಹಾಡಿನ ಥರ ಇದೆ, ಶ್ರುತಿನೂ ಕೆಳಗೆ. ಎರಡನೇ ಪಾರ್ಟ್‌ನ ಕೊನೇ ಎರಡು ಬಾರ್ (ಗೆರೆ ಎಳೆದು ಭಾಗ ಮಾಡಿದ ತಾಳದ ಮನೆ) ಬೇರೆ ಖಾಲಿ ಬಿಟ್ಟಿದ್ದಾರೆ.

ಉತ್ತರ 1:
ಸಾಲಿನ ಶುರುವಲ್ಲಿ ಶಾರ್ಪ್ ಗುರುತು, ಅಂದ್ರೆ ಸ್ವರನ ಅರ್ಧ ಮೆಟ್ಟಿಲು ಏರಿಸೋ ಗುರುತು, ಇಲ್ಲ ಅಲ್ವಾ? ಪೈಪರ್‌ಗಳು ಸಾಮಾನ್ಯವಾಗಿ ಅದನ್ನ ಬರೆಯಲ್ಲ. ಚಾಂಟರ್‌ನಲ್ಲಿ (ಬೆರಳಿಟ್ಟು ರಾಗ ನುಡಿಸೋ ಕೊಳವೆ) ಇರೋದೇ ಒಂಬತ್ತು ಸ್ವರ, ಲೋ ಜಿ ಇಂದ ಹೈ ಎ ತನಕ, ಅದರಲ್ಲಿ ಸಿ ಮತ್ತು ಎಫ್ ಶಾರ್ಪೇ, ಗೊತ್ತಿರೋದನ್ನ ಯಾರು ಬರೀತಾರೆ. ಕರ್ನಾಟಕ ಸಂಗೀತ ಗೊತ್ತಿದ್ರೆ ಎ ನ ಷಡ್ಜ ಮಾಡ್ಕೊಂಡು ನೋಡಿ, ಚಾಂಟರ್ ಹರಿಕಾಂಭೋಜಿಯ ಸ್ವರ ಕೊಡುತ್ತೆ, ನಿಮ್ಮ ಕಂಪ್ಯೂಟರ್ ಶಾರ್ಪ್ ಇಲ್ದೆ ನಠಭೈರವಿ ನುಡಿಸ್ತಿದೆ, ಗತ್ತು ಹೋಗದೆ ಇನ್ನೇನು! ಸಾಲಿನ ಶುರುವಲ್ಲಿ ಎರಡು ಶಾರ್ಪ್ ಇರೋ ಕೀ ಸಿಗ್ನೇಚರ್ ಹಾಕಿ. ಆದ್ರೆ ನೋಟ್ ಹಾಕಿದ ಮೇಲೆ ಕೀ ಬದಲಿಸಿದ್ರೆ ಸ್ವರ ಬದಲಾಗಲ್ಲ, ಪಕ್ಕದಲ್ಲಿ ನ್ಯಾಚುರಲ್ (ಇಲ್ಲಿ ಶಾರ್ಪ್ ಬೇಡ ಅನ್ನೋ) ಗುರುತು ಬಂದು ಕೂರುತ್ತೆ, ಆ ಸಿ, ಎಫ್‌ಗಳನ್ನ ಸೆಲೆಕ್ಟ್ ಮಾಡಿ ಅಪ್ ಆ್ಯರೋ ಒಂದ್ಸಲ ಒತ್ತಿ. ಜಿ ಮುಟ್ಟಬೇಡಿ. ಶ್ರುತಿ ವಿಷಯ, ಪೈಪಲ್ಲಿ ಎ ಅಂತ ಬರೆದಿದ್ದು ಬಿ ಫ್ಲಾಟ್‌ಗಿಂತ ಸ್ವಲ್ಪ ಮೇಲೇ ಕೇಳುತ್ತೆ, ಈಗಿನ ಬ್ಯಾಂಡ್‌ಗಳಲ್ಲಿ 470–480 ಹರ್ಟ್ಜ್ ಆಸುಪಾಸು, ಕಂಪ್ಯೂಟರ್ ಎ 440. ಹಳೇ ಟೇಪ್ ಆದ್ರೆ ಸ್ಪೀಡೂ ಹೆಚ್ಚುಕಮ್ಮಿ ಇರಬಹುದು.

ಉತ್ತರ 2:
ಖಾಲಿ ಬಾರ್ ತಪ್ಪಲ್ಲ. ಎಷ್ಟೋ ಮಾರ್ಚ್‌ಗಳಲ್ಲಿ ಪ್ರತಿ ಪಾರ್ಟ್ ಮುಗಿಯೋದು ಒಂದೇ ಥರ, ಮೊದಲನೇ ಪಾರ್ಟ್‌ನ ಕೊನೇ ಎರಡು ಬಾರ್ ಅಲ್ಲಿ ಹಾಕಿ ಕ್ಯಾಸೆಟ್ ಜೊತೆ ಹೋಲಿಸಿ. ಗ್ರೇಸ್ ನೋಟ್‌ಗಳು, ಅಂದ್ರೆ ಮೇಲೆ ಬಾಲ ಇರೋ ಸಣ್ಣ ನೋಟ್, ಎಲ್ಲಾ ಕಡೆ ಇದ್ಯಾ? ಚೀಲದಿಂದ ಗಾಳಿ ನಿಲ್ಲದೆ ಬರ್ತಾನೇ ಇರುತ್ತೆ, ನಾಲಗೆಯಿಂದ ತಡೆಯೋಕಾಗಲ್ಲ, ಹಂಗಾಗಿ ಒಂದೇ ಸ್ವರ ಎರಡು ಸಲ ಬೇಕಂದ್ರೆ ನಡುವೆ ಗ್ರೇಸ್ ನೋಟ್ ಹಾಕಲೇಬೇಕು, ಇಲ್ಲಾಂದ್ರೆ ಒಂದೇ ಉದ್ದ ಸ್ವರ ಆಗಿಬಿಡುತ್ತೆ. ಬುಕ್ಕಲ್ಲಿ ಇಲ್ಲ ಅಂದ್ರೆ ಕೈಗೆ ಅಭ್ಯಾಸ ಇದ್ದಿದ್ದಕ್ಕೆ ಬರೆದಿಲ್ಲ ಅಷ್ಟೆ. ದಯವಿಟ್ಟು ಇಂಟರ್ನೆಟ್‌ನಲ್ಲಿ ಸಿಗೋ ಅದೇ ಟ್ಯೂನ್ ನೋಡಿ ತಿದ್ದಬೇಡಿ, ಒಂದೊಂದು ಬ್ಯಾಂಡ್ ಒಂದೊಂದು ಥರ ನುಡಿಸುತ್ತೆ, ನಿಮ್ಮ ದೊಡ್ಡಪ್ಪ ನುಡಿಸಿದ ರೀತಿ ಉಳಿದಿರೋದು ಆ ಬುಕ್ಕಲ್ಲಿ ಮತ್ತೆ ಕ್ಯಾಸೆಟ್‌ನಲ್ಲಿ ಮಾತ್ರ. ಬುಕ್ಕಲ್ಲಿ ಇದ್ದಿದ್ದು ಇದ್ದಂಗೇ ಒಂದು ಫೈಲ್, ಕೇಳಿ ಸೇರಿಸಿದ್ದು ಬೇರೆ ಫೈಲ್.

ಕೇಳಿದವರು:
ಶಾರ್ಪ್ ಸರಿಮಾಡಿದ್ಮೇಲೆ ದೊಡ್ಡಮ್ಮ ಒಳಗಿಂದ ಬಂದು ಟ್ಯೂನ್ ಗುರುತು ಹಿಡಿದ್ರು! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆದ್ರೆ ದೊಡ್ಡ ನೋಟ್‌ಗಳ ಕಡ್ಡಿ ಕೆಲವು ಮೇಲೆ ಕೆಲವು ಕೆಳಗೆ ಬರ್ತಿದೆ, ಬುಕ್ಕಲ್ಲಿ ಎಲ್ಲಾ ಕೆಳಗೇ ಇದೆ.

ಉತ್ತರ 1:
ಹೌದು, ಪೈಪ್ ಮ್ಯೂಸಿಕ್‌ನಲ್ಲಿ ಗ್ರೇಸ್ ನೋಟ್ ಕಡ್ಡಿ ಮೇಲಕ್ಕೆ, ಮಿಕ್ಕಿದ್ದೆಲ್ಲಾ ಕೆಳಕ್ಕೆ. ದೊಡ್ಡ ನೋಟ್‌ಗಳನ್ನ ಮಾತ್ರ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಸ್ಟೆಮ್ ಡೈರೆಕ್ಷನ್ ಕೆಳಗೆ ಅಂತ ಕೊಡಿ. ಎಕ್ಸ್ ಕೀ ಒತ್ತಬೇಡಿ, ಸರಿ ಇರೋದೂ ತಿರುಗಿಬಿಡುತ್ತೆ.