ಸ್ಟ್ರೀಮರ್‌ನಲ್ಲಿ ಹಾಡು, ಟಿವಿಯಲ್ಲಿ ಅದರ ವಿವರ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಹಾಲ್‌ನಲ್ಲಿ ಎರಡು ಸ್ಪೀಕರ್‌ಗಳ ನಡುವೆ ಗೋಡೆಗೆ ಟಿವಿ ಹಾಕಿದ್ದೇವೆ. ಕೆಳಗಿನ ಸ್ಟ್ಯಾಂಡ್‌ನಲ್ಲಿ ಸ್ಟ್ರೀಮರ್ (ನೆಟ್‌ವರ್ಕ್‌ನಿಂದ ಹಾಡು ತಂದು ನುಡಿಸುವ ಯಂತ್ರ) ಮತ್ತು ಆಂಪ್ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್) ಇವೆ. ಸ್ಟ್ರೀಮರ್‌ನ ಮುಂಭಾಗದ ಪರದೆ ಅಂಗೈಗಿಂತ ಚಿಕ್ಕದು, ಸೋಫಾದಲ್ಲಿ ಕೂತರೆ ಹಾಡಿನ ಹೆಸರು ಓದೋಕೆ ಆಗಲ್ಲ. ಅಷ್ಟು ದೊಡ್ಡ ಟಿವಿಯಲ್ಲಿ ಆಲ್ಬಂ ಕವರ್, ಹಾಡಿನ ಹೆಸರು, ಹಾಡಿದವರ ಹೆಸರು ಬಂದರೆ ಸಾಕು ನನಗೆ. ಸ್ಟ್ರೀಮರ್ ಹಿಂದೆ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ಪೋರ್ಟ್ ಇದೆ. ಕೇಬಲ್ ಹಾಕಿದೆ. ಟಿವಿಯ ಧ್ವನಿ ಸ್ಪೀಕರ್‌ನಲ್ಲಿ ಚೆನ್ನಾಗಿ ಬರ್ತಿದೆ, ಆದರೆ ಟಿವಿಯಲ್ಲಿ ಏನೂ ಕಾಣ್ತಿಲ್ಲ. ಯಾವ ಸೆಟ್ಟಿಂಗ್ ಬದಲಿಸಬೇಕು?

ಉತ್ತರ: ಯಾವ ಸೆಟ್ಟಿಂಗೂ ಬದಲಿಸಬೇಕಿಲ್ಲ. ಆ ಪೋರ್ಟ್ ಇರುವುದೇ ಬೇರೆ ಕೆಲಸಕ್ಕೆ. ಟಿವಿಯ ಧ್ವನಿಯನ್ನು ಹೊರಗಿನ ಆಂಪ್‌ಗೋ ಸೌಂಡ್‌ಬಾರ್‌ಗೋ ವಾಪಸ್ ಕಳಿಸುವುದಕ್ಕೆಂದು 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಎಆರ್‌ಸಿ (ಆಡಿಯೊ ರಿಟರ್ನ್ ಚಾನೆಲ್) ಬಂತು. ನಿಮ್ಮ ಸ್ಟ್ರೀಮರ್ ಅಲ್ಲಿ ಧ್ವನಿಯನ್ನು ತೆಗೆದುಕೊಳ್ಳುತ್ತದೆ, ಚಿತ್ರ ಕೊಡುವುದಿಲ್ಲ. ಇನ್ನು ಕೆಲವು ಸ್ಟ್ರೀಮರ್‌ಗಳಲ್ಲಿ ‘ಎಚ್‌ಡಿಎಂಐ ಔಟ್’ ಎಂದೇ ಇರುತ್ತದೆ. ಅದನ್ನೂ ನಂಬಿ ಕೊಳ್ಳಬೇಡಿ, ಬರೀ ಮಲ್ಟಿಚಾನೆಲ್ ಧ್ವನಿಗಾಗಿ ಆ ಪೋರ್ಟ್ ಕೊಟ್ಟಿರುವ ಮಾಡೆಲ್‌ಗಳೂ ಇವೆ. ಟಿವಿಯಲ್ಲಿ ಸ್ಟ್ರೀಮರ್‌ನ ಪರದೆ ಮೂಡುತ್ತದೆ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ವೊಲ್ಯೂಮಿಯೊ ರಿವೊದಂಥ ಕೆಲವೇ ಯಂತ್ರಗಳಲ್ಲಿ ಆ ಸೌಲಭ್ಯ ಇದೆ.

ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಧ್ವನಿ ಹೋಗುವ ದಾರಿ ಬೇರೆ, ಹಾಡಿನ ವಿವರ ಹೋಗುವ ದಾರಿ ಬೇರೆ. ಸ್ಟ್ರೀಮರ್‌ನಿಂದ ಆಂಪ್‌ಗೆ ಹೋಗುವ ಆರ್‌ಸಿಎ, ಆಪ್ಟಿಕಲ್, ಕೋಆಕ್ಸಿಯಲ್ ಕೇಬಲ್‌ಗಳಲ್ಲಿ ಹೋಗುವುದು ಧ್ವನಿ ಮಾತ್ರ. ಹಾಡಿನ ಹೆಸರು, ಕವರ್ ಚಿತ್ರದ ವಿಳಾಸ ಇವೆಲ್ಲ ಸ್ಟ್ರೀಮರ್‌ನಲ್ಲೇ ಇರುತ್ತವೆ. ಮನೆಯ ನೆಟ್‌ವರ್ಕ್‌ನಲ್ಲಿ ಯಾರಾದರೂ ಕೇಳಿದರೆ ಅದು ಕೊಡುತ್ತದೆ. ನಿಮ್ಮ ಫೋನಿನ ಆ್ಯಪ್‌ನಲ್ಲಿ ಕವರ್ ಕಾಣುವುದು ಹೀಗೆ ಕೇಳಿ ಪಡೆದಿದ್ದರಿಂದಲೇ. ಯುಪಿಎನ್‌ಪಿ (ಮನೆಯ ನೆಟ್‌ವರ್ಕ್‌ನಲ್ಲಿ ಯಂತ್ರಗಳು ಒಂದನ್ನೊಂದು ಹುಡುಕಿ ಮಾತಾಡುವ ಪದ್ಧತಿ) ಇರುವ ಸ್ಟ್ರೀಮರ್ ಆದರೆ ಶೀರ್ಷಿಕೆ, ಕಲಾವಿದರು, ಆಲ್ಬಂ, ಕವರ್‌ನ ವಿಳಾಸ ಎಲ್ಲವನ್ನೂ ಎಕ್ಸ್‌ಎಂಎಲ್ ಎನ್ನುವ ಬರಹರೂಪದ ಒಂದು ಪುಟ್ಟ ತುಣುಕಾಗಿ ಕೊಡುತ್ತದೆ. ಎಂಪಿಡಿ ಎನ್ನುವ ಸಂಗೀತ ನುಡಿಸುವ ತಂತ್ರಾಂಶ ಆಧರಿಸಿದ ಸ್ಟ್ರೀಮರ್ ಸಾಮಾನ್ಯವಾಗಿ 6600ನೇ ಪೋರ್ಟ್‌ನಲ್ಲಿ ಇದೇ ಪ್ರಶ್ನೆಗೆ ಉತ್ತರಿಸುತ್ತದೆ. ನಾವು ಮಾಡಬೇಕಾದ್ದು ಇಷ್ಟೇ: ಟಿವಿಯ ಹತ್ತಿರ ಹಾಗೆ ಕೇಳುವ ಇನ್ನೊಂದು ಸಾಧನ ಇಡಬೇಕು. ಸ್ಟ್ರೀಮರ್‌ಗೂ ಟಿವಿಗೂ ನಡುವೆ ಕೇಬಲ್ ಬೇಕಿಲ್ಲ, ಸ್ಟ್ರೀಮರ್ ಮತ್ತು ಆ ಸಾಧನ ಒಂದೇ ರೌಟರ್‌ನ ಕೆಳಗಿದ್ದರೆ ಸಾಕು.

ಇದರಿಂದ ಇನ್ನೊಂದು ಲಾಭ ಇದೆ. ಟಿವಿಗೂ ಆಡಿಯೊ ಯಂತ್ರಗಳಿಗೂ ಎಚ್‌ಡಿಎಂಐ ಕೇಬಲ್ ಬಿದ್ದಾಗ ಕೆಲವು ಮನೆಗಳಲ್ಲಿ ಸ್ಪೀಕರ್‌ನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ, ಮುಖ್ಯವಾಗಿ ಟಿವಿಗೆ ಆಂಟೆನಾ ಅಥವಾ ಡಿಶ್‌ನ ಕೇಬಲ್ ಇದ್ದಾಗ. ಯಂತ್ರಗಳ ಅರ್ಥಿಂಗ್ ದಾರಿಗಳು ಕೇಬಲ್ ಮೂಲಕ ಸೇರಿ ಸುತ್ತಾಗುವ ಗ್ರೌಂಡ್ ಲೂಪ್ ಅದು. ವಿವರ ವೈಫೈ ಮೇಲೆ ಬಂದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ಹಾಗಾದರೆ ಫೋನಿನ ಪರದೆಯನ್ನೇ ಟಿವಿಗೆ ಮಿರರ್ ಮಾಡಿದರೆ ಆಗಲ್ವಾ ಸರ್?

ಉತ್ತರ: ಆಗುತ್ತದೆ. ಒಂದು ಸಂಜೆ ಮಾಡಿ ನೋಡಿ, ಟಿವಿಯಲ್ಲಿ ಕವರ್ ನೋಡುವುದು ನಿಮಗೆ ಎಷ್ಟು ಇಷ್ಟ ಎಂದು ಗೊತ್ತಾಗಲಿ. ದಿನವೂ ಹೀಗೇ ಮಾಡಿ ಎಂದು ಮಾತ್ರ ಹೇಳಲಾರೆ. ಫೋನಿನ ಪರದೆ ಉದ್ದ, ಟಿವಿಯದು ಅಗಲ, ಹಾಗಾಗಿ ನಡುವೆ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಫೋನ್ ನಿದ್ದೆಗೆ ಹೋಗುವಂತಿಲ್ಲ. ಬಂದ ಮೆಸೇಜುಗಳೆಲ್ಲ ಮನೆಯವರೆಲ್ಲರ ಮುಂದೆ ತೆರೆದುಕೊಳ್ಳುತ್ತವೆ. ಧ್ವನಿಯ ವಿಚಾರವೂ ಇದೆ: ಸ್ಟ್ರೀಮರ್ ತಾನೇ ಇಂಟರ್ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತಿದ್ದರೆ ಮಿರರ್ ಮಾಡಿದರೂ ಸಂಗೀತಕ್ಕೆ ತೊಂದರೆ ಇಲ್ಲ. ಫೋನ್‌ನಿಂದ ಬ್ಲೂಟೂತ್‌ನಲ್ಲಿ ಕಳಿಸುತ್ತಿದ್ದರೆ ಆ ಧ್ವನಿಯೂ ಟಿವಿಗೆ ಹೊರಟುಬಿಡಬಹುದು.

ಮನೆಯಲ್ಲಿ ಹಳೆಯ ಟ್ಯಾಬ್ಲೆಟ್ ಇದ್ದು, ಅದರ ಯುಎಸ್‌ಬಿ-ಸಿ ಪೋರ್ಟ್ ವಿಡಿಯೊ ಕೊಡುವಂಥದ್ದಾದರೆ, ಎಚ್‌ಡಿಎಂಐ ಅಡಾಪ್ಟರ್ ಹಾಕಿ ಅದನ್ನು ಟಿವಿಗೇ ಮೀಸಲಿಡಿ. ಅಡ್ಡಲಾಗಿ ತಿರುಗಿಸಿ, ಸ್ಟ್ರೀಮರ್‌ನ ಆ್ಯಪ್ ತೆರೆದು ಬಿಟ್ಟರೆ ಮುಗಿಯಿತು. ಆದರೆ ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳಿಂದಲೂ ವಿಡಿಯೊ ಬರುವುದಿಲ್ಲ. ಅಡಾಪ್ಟರ್ ಕೊಳ್ಳುವ ಮುಂಚೆ ಟ್ಯಾಬ್ಲೆಟ್‌ನ ವಿವರಗಳಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇದೆಯೇ ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಶಾಶ್ವತವಾಗಿ ಮಾಡಬೇಕು ಅಂದರೆ ಯಾವುದು ಒಳ್ಳೆಯದು ಹೇಳಿ ಸರ್. ಒಬ್ಬರು ಆ್ಯಪಲ್ ಟಿವಿ ತಗೊಳ್ಳಿ ಅಂತಾರೆ, ಇನ್ನೊಬ್ಬರು ರಾಸ್ಪ್‌ಬೆರಿ ಪೈ ಅಂತಾರೆ.

ಉತ್ತರ: ನಿಮ್ಮ ಹತ್ತಿರ ಈಗ ಏನಿದೆ ಎನ್ನುವುದರ ಮೇಲೆ ಹೋಗುತ್ತದೆ. ಹಿಯೋಸ್ ಅಥವಾ ಮ್ಯೂಸಿಕ್‌ಕಾಸ್ಟ್ ಎನ್ನುವ ಸ್ಟ್ರೀಮಿಂಗ್ ವ್ಯವಸ್ಥೆ ಇರುವ ಎವಿ ರಿಸೀವರ್ (ಟಿವಿ, ಸ್ಪೀಕರ್ ಎರಡಕ್ಕೂ ಜೋಡಿಸುವ ಆಂಪ್) ಇದ್ದರೆ ಏನೂ ಕೊಳ್ಳಬೇಡಿ. ರಿಸೀವರ್‌ನಲ್ಲೇ ಹಾಡು ನುಡಿಸಿ, ಅದರ ಎಚ್‌ಡಿಎಂಐ ಔಟ್ ಟಿವಿಗೆ ಹೋಗಿದ್ದರೆ ಕವರ್ ತಾನಾಗಿ ಬರುತ್ತದೆ. ರೂನ್ ಎನ್ನುವ ಸಂಗೀತ ತಂತ್ರಾಂಶ ಬಳಸುವವರಿಗೂ ಸುಲಭ. ಅದರ ಸೆಟ್ಟಿಂಗ್ಸ್‌ನ ‘ಡಿಸ್‌ಪ್ಲೇಸ್’ ವಿಭಾಗದಲ್ಲಿ ಕ್ರೋಮ್‌ಕಾಸ್ಟ್ (ವೈಫೈ ಮೂಲಕ ಟಿವಿಗೆ ಚಿತ್ರ ಕಳಿಸುವ ಗೂಗಲ್‌ನ ವ್ಯವಸ್ಥೆ) ಇರುವ ಟಿವಿಯನ್ನು ಆರಿಸಿಕೊಂಡರೆ ಸಾಕು. ಬ್ರೌಸರ್‌ನಲ್ಲಿ ತೆರೆಯುವ ವಿಳಾಸವೂ ಅಲ್ಲೇ ಸಿಗುತ್ತದೆ. ನಾನು ನೋಡಿದ ಪರದೆಗಳಲ್ಲಿ ರೂನ್‌ನದೇ ಅಂದವಾದದ್ದು, ಆದರೆ ಅದು ಹಣ ಕೊಟ್ಟು ಬಳಸುವ ತಂತ್ರಾಂಶ.

ಆ್ಯಪಲ್ ಟಿವಿಯ ಸಲಹೆ ತಪ್ಪಲ್ಲ. ಆ್ಯಪಲ್‌ನ ವೈರ್‌ಲೆಸ್ ವ್ಯವಸ್ಥೆಯಾದ ಏರ್‌ಪ್ಲೇಯಲ್ಲಿ ಹಾಡು ಕಳಿಸಿದ ಕೂಡಲೇ ಕವರ್ ಟಿವಿ ತುಂಬ ಬರುತ್ತದೆ. ಆದರೆ ಆಗ ನುಡಿಸುವುದು ಆ್ಯಪಲ್ ಟಿವಿಯೇ. ಧ್ವನಿ ಎಚ್‌ಡಿಎಂಐ ಮೂಲಕ ಹೊರಬರುತ್ತದೆ, ನೀವು ಇಷ್ಟಪಟ್ಟು ಕೊಂಡ ಸ್ಟ್ರೀಮರ್ ಪಕ್ಕಕ್ಕೆ ಕೂರುತ್ತದೆ. ಧ್ವನಿಯ ದಾರಿಯನ್ನು ಮುಟ್ಟದೆ ವಿವರವನ್ನಷ್ಟೇ ತರಬೇಕು ಎನ್ನುವವರಿಗೆ ಅದು ಹೊಂದುವುದಿಲ್ಲ. ನಾನೂ ಅದೇ ಪಕ್ಷ.

ಅಂಥವರಿಗೆ ನನ್ನ ಸಲಹೆ ಅಂಗೈಯಷ್ಟಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4. ಅದನ್ನು ಸಂಗೀತ ನುಡಿಸಲು ಬಳಸಬೇಡಿ, ಪರದೆಯ ಕೆಲಸಕ್ಕೆ ಮಾತ್ರ ಇಡಿ. ಟಿವಿಯ ಹಿಂದೆ ಅಂಟಿಸಿ, ಆನ್ ಆದ ತಕ್ಷಣ ಬ್ರೌಸರ್ ಪೂರ್ಣ ಪರದೆಯಲ್ಲಿ ಒಂದೇ ಪುಟ ತೆರೆಯುವಂತೆ ಮಾಡಿ. ಇದಕ್ಕೆ ಕಿಯೋಸ್ಕ್ ಮೋಡ್ ಎನ್ನುತ್ತಾರೆ. ಆ ಪುಟ ಯಾವುದು ಎನ್ನುವುದು ಸ್ಟ್ರೀಮರ್ ಮೇಲೆ ನಿಂತಿದೆ. ವೊಲ್ಯೂಮಿಯೊ, ಮೂಡ್ ಆಡಿಯೊ ಎನ್ನುವ ಸ್ಟ್ರೀಮರ್ ತಂತ್ರಾಂಶಗಳಿಗೆ ತಮ್ಮದೇ ವೆಬ್ ಪುಟ ಇದೆ. ಮೂಡ್‌ನಲ್ಲಂತೂ ಕವರ್‌ವ್ಯೂ ಎನ್ನುವ ಸೌಲಭ್ಯ ಇದೆ, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ತುಂಬ ಕವರ್ ಮಾತ್ರ ಉಳಿಯುತ್ತದೆ. ಹಿಂದೆ ಲಾಜಿಟೆಕ್ ಮೀಡಿಯಾ ಸರ್ವರ್ ಎನ್ನುತ್ತಿದ್ದ, ಈಗ ಲಿರಿಯನ್ ಎನ್ನುವ ಉಚಿತ ತಂತ್ರಾಂಶ ಬಳಸುವವರು ಅದರ ವೆಬ್ ಪುಟದ ರೂಪ ಬದಲಿಸುವ ಮೆಟೀರಿಯಲ್ ಸ್ಕಿನ್ ಹಾಕಿಕೊಳ್ಳಿ, ಅದರ ‘ನೌ ಪ್ಲೇಯಿಂಗ್’ ನೋಟ ದೊಡ್ಡ ಪರದೆಗೆ ಚೆನ್ನಾಗಿ ಒಗ್ಗುತ್ತದೆ.

ವೆಬ್ ಪುಟವೇ ಇಲ್ಲದ, ಆ್ಯಪ್ ಮಾತ್ರ ಇರುವ ಸ್ಟ್ರೀಮರ್‌ಗಳೇ ಹೆಚ್ಚು. ಅವುಗಳಿಗೆ ಮನೆಯ ಸ್ಮಾರ್ಟ್ ಸಾಧನಗಳನ್ನು ಒಂದೆಡೆ ಸೇರಿಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಒಳ್ಳೆಯ ದಾರಿ. ಲಿಂಕ್‌ಪ್ಲೇ, ಬ್ಲೂಸೌಂಡ್, ಹಿಯೋಸ್, ಮ್ಯೂಸಿಕ್‌ಕಾಸ್ಟ್ ಹೀಗೆ ಬಹಳಷ್ಟು ಸಾಧನಗಳನ್ನು ಅದು ಗುರುತಿಸುತ್ತದೆ, ಹಾಡಿನ ಹೆಸರು ಮತ್ತು ಕವರ್ ಪಡೆದು ನೀವು ಜೋಡಿಸಿದ ಪುಟದಲ್ಲಿ ತೋರಿಸುತ್ತದೆ. ಜೋಡಿಸುವುದಕ್ಕೆ ಒಂದು ರಜಾದಿನ ಬೇಕಾಗಬಹುದು. ಒಮ್ಮೆ ಕೂತರೆ ಮತ್ತೆ ಮುಟ್ಟುವ ಅಗತ್ಯ ಕಡಿಮೆ. ಆದರೆ ಪ್ರತಿ ಮೂಲವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಹಾರ್ಡ್‌ಡಿಸ್ಕ್‌ನ ಹಾಡಿಗೆ ವಿವರ ಕೊಟ್ಟ ಸ್ಟ್ರೀಮರ್, ಯಾವುದೋ ಸ್ಟ್ರೀಮಿಂಗ್ ಸೇವೆಯ ಹಾಡಿಗೆ ಬರೀ ಸೇವೆಯ ಹೆಸರು ಹೇಳಿ ಸುಮ್ಮನಾಗುವುದುಂಟು. ಆಪ್ಟಿಕಲ್ ಇನ್‌ಪುಟ್‌ಗೆ ಸಿಡಿ ಪ್ಲೇಯರ್ ಸೇರಿಸಿದ್ದರೆ ಆ ಹಾಡುಗಳ ಹೆಸರು ಸ್ಟ್ರೀಮರ್‌ಗೇ ಗೊತ್ತಿರುವುದಿಲ್ಲ.

ಕೊಳ್ಳುವಾಗ ಕೇಬಲ್ ನೋಡಿಕೊಳ್ಳಿ: ಪೈ 4ಕ್ಕೆ ಮೈಕ್ರೊ ಎಚ್‌ಡಿಎಂಐ, ಪೈ ಝೀರೊಗೆ ಮಿನಿ ಎಚ್‌ಡಿಎಂಐ. ಝೀರೊ 2 ಡಬ್ಲ್ಯೂನಲ್ಲಿ 512 ಎಂಬಿ ಮೆಮೊರಿ ಮಾತ್ರ, ಬ್ರೌಸರ್ ಓಡಿಸಲು ಏದುಸಿರು ಬಿಡುತ್ತದೆ. ಟಿವಿ 4ಕೆ ಆದರೂ ಪೈಯನ್ನು 1080ಪಿಗೆ ಇಟ್ಟರೆ ಸಲೀಸಾಗಿ ಓಡುತ್ತದೆ.

ಪ್ರಶ್ನೆ: ಟಿವಿಯಲ್ಲೇ ಬ್ರೌಸರ್ ಇದೆಯಲ್ಲ ಸರ್, ಪೈ ಯಾಕೆ?

ಉತ್ತರ: ಮೊದಲು ಅದನ್ನೇ ಪ್ರಯತ್ನಿಸಿ, ಖರ್ಚಿಲ್ಲ. ಹೆಸರಿನ ಕೊನೆಗೆ ‘ಡಾಟ್ ಲೋಕಲ್’ ಇರುವ ವಿಳಾಸ ಎಷ್ಟೋ ಟಿವಿಗಳಲ್ಲಿ ತೆರೆಯುವುದಿಲ್ಲ, ಅಂಕಿಗಳ ಐಪಿ ವಿಳಾಸವನ್ನೇ ಹಾಕಿ. ರೌಟರ್‌ನಲ್ಲಿ ಸ್ಟ್ರೀಮರ್‌ಗೆ ಆ ವಿಳಾಸವನ್ನು ಕಾಯಂ ಮಾಡಿಬಿಡಿ, ಇಲ್ಲದಿದ್ದರೆ ಒಂದು ದಿನ ಅದು ಬದಲಾಗಿ ಪುಟ ಖಾಲಿ ಬರುತ್ತದೆ. ಟಿವಿಯ ಬ್ರೌಸರ್‌ಗಳು ಹಳೆಯವಾಗಿರುತ್ತವೆ, ಆನ್ ಮಾಡಿದಾಗಲೆಲ್ಲ ರಿಮೋಟ್ ಹಿಡಿದು ಪುಟ ತೆರೆಯಬೇಕು. ಈ ಬೇಸರದಿಂದಲೇ ಜನ ಕೊನೆಗೆ ಪೈ ಕಡೆ ಬರುತ್ತಾರೆ.

ಪ್ರಶ್ನೆ (ಮೊದಲು ಕೇಳಿದವರು): ಪೈ ಹಾಕಿದೆ ಸರ್, ಕವರ್ ಬಂತು! ಆದರೆ ಟಿವಿ ಆನ್ ಮಾಡಿದ ತಕ್ಷಣ ಹಾಡು ನಿಂತುಹೋಗುತ್ತೆ. ಸ್ಟ್ರೀಮರ್ ತಾನಾಗಿ ಟಿವಿ ಇನ್‌ಪುಟ್‌ಗೆ ಹೋಗುತ್ತೆ.

ಉತ್ತರ: ಆ ಎಆರ್‌ಸಿ ಕೇಬಲ್ ಇನ್ನೂ ಹಾಗೇ ಇದೆ, ಅಲ್ಲವೇ? ಅದರೊಳಗೆ ಸಿಇಸಿ ಎಂಬ ಆಜ್ಞೆಯ ತಂತಿ ಇರುತ್ತದೆ. ಟಿವಿ ಎದ್ದ ಕೂಡಲೇ ‘ಇನ್ನು ಧ್ವನಿ ನನ್ನದು’ ಎಂದು ಆ ತಂತಿಯಲ್ಲಿ ಹೇಳುತ್ತದೆ, ಸ್ಟ್ರೀಮರ್ ಪಾಲಿಸುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ ಎಂದೇ ಬರೆದಿರುವುದಿಲ್ಲ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಅದನ್ನು ಪೂರ್ತಿ ಆಫ್ ಮಾಡಿದರೆ ಎಆರ್‌ಸಿ ಕೂಡ ಕೈಕೊಡಬಹುದು. ಮೊದಲು ಸ್ಟ್ರೀಮರ್‌ನ ಸೆಟ್ಟಿಂಗ್‌ನಲ್ಲಿ, ಟಿವಿ ಆನ್ ಆದಾಗ ಇನ್‌ಪುಟ್ ತಾನಾಗಿ ಬದಲಾಗುವ ಆಯ್ಕೆ ಹುಡುಕಿ ಅದೊಂದನ್ನೇ ನಿಲ್ಲಿಸಿ. ಅಂಥ ಆಯ್ಕೆ ಇಲ್ಲದಿದ್ದರೆ ಎಚ್‌ಡಿಎಂಐ ತೆಗೆದು ಟಿವಿಯ ಧ್ವನಿಗೆ ಆಪ್ಟಿಕಲ್ ಕೇಬಲ್ ಹಾಕಿ. ಆಪ್ಟಿಕಲ್‌ನಲ್ಲಿ ಸಿಇಸಿ ಇಲ್ಲ. ಆದರೆ ಆಪ್ಟಿಕಲ್‌ನಲ್ಲೂ ಸಿಗ್ನಲ್ ಬಂದೊಡನೆ ಅತ್ತ ತಿರುಗುವ ಸ್ಟ್ರೀಮರ್‌ಗಳಿವೆ, ಆ ಆಯ್ಕೆಯನ್ನೂ ಒಮ್ಮೆ ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ನಮ್ಮಲ್ಲಿ ಇಂಗ್ಲಿಷ್ ಹೆಸರುಗಳು ಸರಿಯಾಗಿ ಬರ್ತವೆ. ಕನ್ನಡ ಹಾಡುಗಳ ಹೆಸರು ಕೆಲವು ಬರೀ ಚೌಕ ಚೌಕ, ಇನ್ನು ಕೆಲವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕವರ್ ಕೂಡ ಮಸುಕು.

ಉತ್ತರ: ಮೇಡಂ, ಇವು ಮೂರೂ ಬೇರೆ ಬೇರೆ ಕಾಯಿಲೆಗಳು. ಚೌಕ ಬಂದರೆ ಹಾಡಿನ ಫೈಲ್ ಸರಿಯಾಗಿದೆ, ಪೈಯಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ನೋಟೋ ಸಾನ್ಸ್ ಕನ್ನಡ ಹಾಕಿ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಚೌಕಗಳು ಅಕ್ಷರಗಳಾಗುತ್ತವೆ.

ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ತೊಂದರೆ ಟ್ಯಾಗ್‌ನಲ್ಲೇ, ಅಂದರೆ ಫೈಲ್‌ನೊಳಗೆ ಬರೆದಿಟ್ಟ ಹಾಡಿನ ವಿವರದಲ್ಲೇ ಇದೆ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನ ಬಳಕೆ ಹರಡುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಹೆಸರು ಟೈಪ್ ಮಾಡಿರುತ್ತಾರೆ. ಆ ಫಾಂಟ್ ಇದ್ದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದು ಎಂಪಿ3ಟ್ಯಾಗ್ ಅಥವಾ ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್‌ನಲ್ಲಿ ಹೊಸದಾಗಿ ಬರೆಯಿರಿ. ಎಂಪಿ3 ಆದರೆ ಐಡಿ3 ಎನ್ನುವ ಟ್ಯಾಗ್ ಪದ್ಧತಿಯ ಎರಡನೇ ಆವೃತ್ತಿಯಲ್ಲೇ ಉಳಿಸಿ. ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ ಜಾಗ. ಯೂನಿಕೋಡನ್ನು ಫೈಲ್‌ನಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತಕ್ಷರ ಬಂದರೆ ಇನ್ನೂ ಹೆಚ್ಚು, ಅಲ್ಲಿ ಹೇಗೆ ಹಿಡಿಸೀತು? ಫ್ಲ್ಯಾಕ್ ಫೈಲ್‌ಗಳ ಟ್ಯಾಗ್ ಮೊದಲಿನಿಂದಲೂ ಯುಟಿಎಫ್-8, ಅಲ್ಲಿ ಈ ಗೋಳಿಲ್ಲ. ಇದು ತಾಳ್ಮೆಯ ಕೆಲಸ ನಿಜ. ಆದರೂ ಮಾಡಿ ಎನ್ನುತ್ತೇನೆ, ನಮ್ಮ ಹಾಡುಗಳ ಹೆಸರು ನಮ್ಮ ಲಿಪಿಯಲ್ಲಿ ಗೋಡೆಯಷ್ಟು ದೊಡ್ಡದಾಗಿ ಕಾಣುವಾಗ ಆಗುವ ಸಂತೋಷ ದೊಡ್ಡದು.

ಕವರ್ ಮಸುಕಾಗಿದ್ದರೆ ಚಿತ್ರವೇ ಚಿಕ್ಕದು. 300 ಪಿಕ್ಸೆಲ್ ಅಗಲದ ಚಿತ್ರ ಫೋನಿಗೆ ಸಾಕು, 2160 ಸಾಲುಗಳ 4ಕೆ ಟಿವಿಗೆ ಸಾಲದು. 1000ದಿಂದ 1500 ಪಿಕ್ಸೆಲ್‌ನ ಚೌಕ ಚಿತ್ರವನ್ನು ಆಲ್ಬಂನ ಫೋಲ್ಡರ್‌ನಲ್ಲಿ ‘ಫೋಲ್ಡರ್’ ಅಥವಾ ‘ಕವರ್’ ಎನ್ನುವ ಇಂಗ್ಲಿಷ್ ಹೆಸರಿನ ಜೆಪಿಜಿ ಫೈಲಾಗಿ ಇಡಿ.

ಪ್ರಶ್ನೆ: ಇಂಟರ್ನೆಟ್ ರೇಡಿಯೊ ಹಾಕಿದಾಗ ಕವರ್ ಬರಲ್ಲ, ಹೆಸರು ಮಾತ್ರ ಬರುತ್ತೆ. ಅದೂ ಹಾಡು ಮುಗಿಯುವ ಮುಂಚೆಯೇ ಮುಂದಿನದರ ಹೆಸರು.

ಉತ್ತರ: ಬಹಳಷ್ಟು ಸ್ಟೇಷನ್‌ಗಳು ಧ್ವನಿಯ ಹರಿವಿನ ನಡುನಡುವೆ ‘ಕಲಾವಿದರು - ಹಾಡು’ ಎನ್ನುವ ಒಂದೇ ಸಾಲು ತುರುಕಿ ಕಳಿಸುತ್ತವೆ, ಕವರ್ ಕಳಿಸುವುದು ಅಪರೂಪ. ಹೆಸರು ಕೈಗೆ ಬಂದ ಕ್ಷಣವೇ ಪರದೆಗೆ ಹೋಗುತ್ತದೆ, ಧ್ವನಿ ಮಾತ್ರ ಬಫರ್ ಎನ್ನುವ ತಾತ್ಕಾಲಿಕ ಸಂಗ್ರಹದಲ್ಲಿ ಕೆಲವು ಸೆಕೆಂಡ್ ಕಾದು ಹೊರಬರುತ್ತದೆ. ನಿಮ್ಮ ಕಡೆಯಿಂದ ಸರಿಪಡಿಸಬೇಕಾದ್ದು ಏನಿಲ್ಲ.

ಪ್ರಶ್ನೆ: ಕೊನೆಯದಾಗಿ ಸರ್, ನಮ್ಮದು ಓಎಲ್‌ಇಡಿ ಟಿವಿ. ಗಂಟೆಗಟ್ಟಲೆ ಒಂದೇ ಚಿತ್ರ ನಿಂತರೆ ಕಲೆ ಉಳಿಯುತ್ತಾ?

ಉತ್ತರ: ಎಚ್ಚರ ಇರಲೇಬೇಕು. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಕು ಕೊಡುತ್ತದೆ, ಹೆಚ್ಚು ಉರಿದದ್ದು ಬೇಗ ಸವೆಯುತ್ತದೆ. ಕವರ್ ಹಾಡಿನಿಂದ ಹಾಡಿಗೆ, ಆಲ್ಬಂನಿಂದ ಆಲ್ಬಂಗೆ ಬದಲಾಗುವುದರಿಂದ ಅದಕ್ಕಿಂತ ಹೆಚ್ಚು ಭಯ ಇರುವುದು ಎಂದೂ ಜಾಗ ಬದಲಿಸದ ವಸ್ತುಗಳಿಂದ: ಮೂಲೆಯ ಲೋಗೋ, ಗಡಿಯಾರ, ಬಿಳಿ ಪ್ಲೇ ಗುಂಡಿ, ಹಾಡಿನ ಉದ್ದ ತೋರಿಸುವ ಪಟ್ಟಿ. ಪುಟದಿಂದ ಅವನ್ನೆಲ್ಲ ತೆಗೆಯಿರಿ. ಹಿನ್ನೆಲೆ ಕಪ್ಪು ಅಥವಾ ಕಡುಬಣ್ಣ ಇರಲಿ, ಅಕ್ಷರ ಅಚ್ಚ ಬಿಳಿಯ ಬದಲು ಬೂದು ಇರಲಿ, ಟಿವಿಯ ಬೆಳಕು ತಗ್ಗಿಸಿ. ಕವರ್ ಮತ್ತು ಹೆಸರು ಕೆಲವು ನಿಮಿಷಕ್ಕೊಮ್ಮೆ ಸ್ವಲ್ಪ ಸರಿಯುವ ವಿನ್ಯಾಸ ಸಿಕ್ಕರೆ ಅದನ್ನೇ ಆರಿಸಿ. ಹಾಡು ನಿಂತು ಹತ್ತು ನಿಮಿಷವಾದರೆ ಪರದೆ ಪೂರ್ತಿ ಕಪ್ಪಾಗಲಿ. ಸಿಇಸಿ ಮೂಲಕ ಟಿವಿಯನ್ನೇ ಮಲಗಿಸುವ ಕೆಲಸವನ್ನು ಪೈಗೇ ಒಪ್ಪಿಸಬಹುದು.

ಚಿತ್ರವನ್ನು ಆಗಾಗ ತುಸು ಸರಿಸುವ, ಟಿವಿಯ ಪಿಕ್ಸೆಲ್ ಶಿಫ್ಟ್ ಸೌಲಭ್ಯ ಆನ್ ಇರಲಿ. ರಿಮೋಟ್‌ನಿಂದ ಆಫ್ ಮಾಡಿದ ಕೂಡಲೇ ಗೋಡೆಯ ಸ್ವಿಚ್ ತೆಗೆಯಬೇಡಿ, ಪಿಕ್ಸೆಲ್‌ಗಳ ಸವೆತವನ್ನು ಸರಿದೂಗಿಸುವ ಕೆಲಸವನ್ನು ಈ ಟಿವಿಗಳು ಸ್ಟ್ಯಾಂಡ್‌ಬೈನಲ್ಲಿರುವಾಗಲೇ ಮಾಡಿಕೊಳ್ಳುತ್ತವೆ.